ಮೊಣಕಾಲು ನೆಟ್ಟಗಾಗಲು ಎಷ್ಟು ಬಾಟಲಿ ಬೇಕು?

ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಬ್ಬ ಹುಡುಗನನ್ನು ನೋಡಿದೆ. ವಯಸ್ಸು 19. ಮನೆಯವರೆಲ್ಲ ನೆಲದ ಮೇಲೆ ಕೂತು ರೊಟ್ಟಿ, ಪುಂಡಿಪಲ್ಯ ಊಟ ಮಾಡುತ್ತಿದ್ದರು. ಅವನೊಬ್ಬ ಮಾತ್ರ ಹೊರಸಿನ ಅಂಚಿಗೆ ಕೂತು, ತಾಟನ್ನು ಸ್ಟೂಲಿನ ಮೇಲೆ ಇಟ್ಟುಕೊಂಡಿದ್ದ. ಬಲ ಮೊಣಕಾಲು ಪೂರ್ತಿ ಮಡಚುವುದಿಲ್ಲ, ಪೂರ್ತಿ ಚಾಚುವುದೂ ಇಲ್ಲ. ನಡೆಯುವಾಗ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. "ಅವಂಗ ನೆಲದ ಮ್ಯಾಲ ಕೂಡ್ಲಾಕ ಬರಂಗಿಲ್ರಿ," ಅಂದರು ತಾಯಿ.

ಅವನಿಗೆ ಹಿಮೋಫಿಲಿಯಾ. ಪತ್ರಿಕೆಗಳು ಕುಸುಮ ರೋಗ ಅಂತ ಬರೆಯುವುದು ಇದನ್ನೇ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಎಂಬ ಪ್ರೋಟೀನ್ ಕಡಿಮೆ ಇದ್ದರೆ ಎ ವಿಧ, ಫ್ಯಾಕ್ಟರ್ 9 ಕಡಿಮೆ ಇದ್ದರೆ ಬಿ ವಿಧ. ಕಾಲು ನೆಟ್ಟಗೆ ಮಾಡಿಸಬಹುದಾ ಅಂತ ಆ ತಾಯಿ ನಾಲ್ಕು ಕಡೆ ಕೇಳಿದ್ದಾರೆ. ಒಬ್ಬರು ಕತ್ತಿ ಮುಟ್ಟಿಸಲೇಬೇಡಿ ಅಂದರು. ಇನ್ನೊಬ್ಬರು ಬೆಂಗಳೂರಿಗೆ ಒಯ್ಯಿರಿ ಅಂದರು. ಮತ್ತೊಬ್ಬರು ಅಷ್ಟು ಫ್ಯಾಕ್ಟರ್ ಬಾಟಲಿ ಸ್ಟಾಕ್ ಇಲ್ಲ ಅಂದರು. ನಾಲ್ಕನೆಯವರು ಹೊಸ ಇಂಜೆಕ್ಷನ್ ಬಂದಿದೆ, ಕಾಯಿರಿ ಅಂದರು. ಯಾರೂ ಸುಳ್ಳು ಹೇಳಿಲ್ಲ. ಒಂದೊಂದು ಉತ್ತರ ಒಂದೊಂದು ಕಾಲದ್ದು, ಅಷ್ಟೇ.

ಕತ್ತಿಯ ಭಯ ಎಲ್ಲಕ್ಕಿಂತ ಹಳೆಯದು. ಸುನ್ನತಿಯಲ್ಲಿ ಇಬ್ಬರು ಗಂಡುಮಕ್ಕಳು ತೀರಿಕೊಂಡರೆ ಮೂರನೆಯವನಿಗೆ ಮಾಡಬಾರದು ಅಂತ ಎರಡನೇ ಶತಮಾನದಲ್ಲೇ ಯಹೂದಿ ಧರ್ಮಗುರುಗಳು ಹೇಳಿದ್ದರು. 1840ರಲ್ಲಿ ಲಂಡನ್ನಿನಲ್ಲಿ ಸ್ಯಾಮ್ಯುಯೆಲ್ ಲೇನ್ ಎಂಬ ಸರ್ಜನ್ 11 ವರ್ಷದ ಹುಡುಗನ ಮೆಳ್ಳೆಗಣ್ಣು ಸರಿಮಾಡಲು ಆಪರೇಷನ್ ಮಾಡಿದರು. ರಕ್ತ ನಿಲ್ಲಲೇ ಇಲ್ಲ. ಕೊನೆಗೆ ಬೇರೆಯವರ ರಕ್ತ ಕೊಟ್ಟ ಮೇಲೆ ಹುಡುಗ ಉಳಿದ. 1934ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಕೊಳಕುಮಂಡಲದ ವಿಷವನ್ನು ತೀರಾ ತೆಳುಮಾಡಿ, ರಕ್ತ ಸೋರುವ ಜಾಗಕ್ಕೆ ಹಚ್ಚಿ ನಿಲ್ಲಿಸಿ ತೋರಿಸಿದರು. ನಮ್ಮ ಹೊಲಗಳಲ್ಲಿ ಜನ ಹೆದರುವ ಅದೇ ಹಾವು! ಆದರೆ ಹಲ್ಲು ಕಿತ್ತ ಕುಳಿಗೆ ಹಚ್ಚಬಹುದು, ತೆರೆದ ಮೊಣಕಾಲಿಗೆ ಅದು ಸಾಲುತ್ತದಾ?

ದಾರಿ ತೆರೆದದ್ದು 1964ರಲ್ಲಿ. ಅಮೆರಿಕದ ಜುಡಿತ್ ಪೂಲ್, ಮಂಜುಗಡ್ಡೆಯಂತೆ ಗಟ್ಟಿಯಾಗಿಸಿದ ಪ್ಲಾಸ್ಮಾ (ರಕ್ತದ ದ್ರವಭಾಗ) ನಿಧಾನಕ್ಕೆ ಕರಗುವಾಗ ತಳದಲ್ಲಿ ಉಳಿಯುವ ಗಸಿಯಲ್ಲೇ ಫ್ಯಾಕ್ಟರ್ 8 ಹೆಚ್ಚಿರುತ್ತದೆ ಅಂತ ಕಂಡುಹಿಡಿದರು. ಅದೇ ಕ್ರಯೋ. ಆಮೇಲೆ ಪುಡಿ ರೂಪದ ಫ್ಯಾಕ್ಟರ್ ಬಂತು, ಅದರ ಬೆನ್ನಿಗೇ ಎಚ್‌ಐವಿ ಮತ್ತು ಹೆಪಟೈಟಿಸ್ ಸೋಂಕಿನ ಕರಾಳ ವರ್ಷಗಳೂ ಬಂದವು. 1992ರಲ್ಲಿ ಅಮೆರಿಕದಲ್ಲಿ, ದಾನಿಗಳ ಪ್ಲಾಸ್ಮಾದಿಂದ ತೆಗೆಯದೆ ಲ್ಯಾಬಿನಲ್ಲೇ ತಯಾರಿಸಿದ ಫ್ಯಾಕ್ಟರ್ 8ಕ್ಕೆ ಒಪ್ಪಿಗೆ ಸಿಕ್ಕಿತು. ಅಂದರೆ ಈ ರೋಗಿಗಳಿಗೆ ದೊಡ್ಡ ಆಪರೇಷನ್ ಮಾಡುವ ವಿದ್ಯೆ ಹೊಸದಲ್ಲ.

ಹಾಗಾದರೆ ನಮ್ಮಲ್ಲಿ ಯಾಕೆ ಇಷ್ಟು ಕಷ್ಟ? ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು.

ಕೆಜಿಗೆ ಒಂದು ಯೂನಿಟ್ ಕೊಟ್ಟರೆ ರಕ್ತದಲ್ಲಿ ಫ್ಯಾಕ್ಟರ್ 8ರ ಮಟ್ಟ ಸುಮಾರು ಶೇ 2ರಷ್ಟು ಏರುತ್ತದೆ. ದೊಡ್ಡ ಆಪರೇಷನ್‌ಗೆ ಅದನ್ನು ಶೇ 80ರಿಂದ 100ರವರೆಗೆ ತರಬೇಕು. 50 ಕೆಜಿ ತೂಕದವನಿಗೆ ಶೇ 100 ಬೇಕೆಂದರೆ ಮೊದಲ ಡೋಸೇ 2,500 ಯೂನಿಟ್. ಅದು 8ರಿಂದ 12 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ, ಮತ್ತೆ ಕೊಡಬೇಕು. ಹೀಗೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಎರಡು ವಾರದವರೆಗೆ. ಕ್ರಯೋದಲ್ಲೇ ಮಾಡೋಣ ಅಂದರೆ ಒಂದು ಚೀಲದಲ್ಲಿ ಇರುವುದು ಹೆಚ್ಚೂಕಡಿಮೆ 80ರಿಂದ 100 ಯೂನಿಟ್. ಮೊದಲ ಡೋಸಿಗೇ ಕನಿಷ್ಠ 25 ಚೀಲ ಬೇಕು! ಬಿ ವಿಧದವರಿಗಂತೂ ಕ್ರಯೋ ಪ್ರಯೋಜನವಿಲ್ಲ, ಅದರಲ್ಲಿ ಫ್ಯಾಕ್ಟರ್ 9 ಇರುವುದಿಲ್ಲ.

ಈಗ ಜಿಲ್ಲಾ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಇದು ಸಣ್ಣ ಮಾತಲ್ಲ. ಹಿಂದೆ ಊರಿನ ಹುಡುಗನೊಬ್ಬ "ರಕ್ತ ನಿಲ್ಲದೆ ಹೋದ" ಅಂತ ಮಾತು ಮುಗಿಸುತ್ತಿದ್ದ ಕಡೆ ಇವತ್ತು ಪುಟ್ಟ ಬಾಟಲಿ ಇದೆ. ತಳದಲ್ಲಿ ಬಿಳಿ ಪುಡಿ. ನೀರು ಬೆರೆಸಿದ ಮೇಲೆ ಕುಲುಕಬಾರದು, ಎರಡೂ ಅಂಗೈ ನಡುವೆ ಇಟ್ಟು ಮೆಲ್ಲಗೆ ಹೊರಳಿಸಬೇಕು. ನೊರೆ ಬಾರದಂತೆ ಕರಗಿಸಿ ನಿಧಾನಕ್ಕೆ ನರಕ್ಕೆ ಕೊಡಬೇಕು. ಈ ಕೆಲಸ ಕಲಿತ ತಾಯಂದಿರು ಎಷ್ಟೋ ಜನ ಇದ್ದಾರೆ.

ಆದರೆ ದಾಸ್ತಾನಿನ ಲೆಕ್ಕ ನಡೆಯುವುದು ರಕ್ತಸ್ರಾವ ಆದಾಗ ಬರುವ ರೋಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಮೊಣಕಾಲು ಊದಿತು, ಒಂದೋ ಎರಡೋ ಬಾಟಲಿ ಕೊಟ್ಟು ಕಳಿಸಿದರು. ಜೀವ ಉಳಿಯಿತು, ಕೀಲು ಉಳಿಯಲಿಲ್ಲ. ಯಾಕೆಂದರೆ ಕೀಲಿನೊಳಗೆ ಸುರಿದ ರಕ್ತದ ಕಬ್ಬಿಣ ಅಲ್ಲಿನ ಒಳಪೊರೆಯನ್ನು ಕೆರಳಿಸುತ್ತದೆ. ಪೊರೆ ದಪ್ಪವಾಗುತ್ತದೆ, ಹೊಸ ರಕ್ತನಾಳ ಬೆಳೆಯುತ್ತವೆ, ಅವೂ ಒಡೆಯುತ್ತವೆ. ಮೂಳೆಯ ತುದಿಯ ಮೆತ್ತೆ ಸವೆಯುತ್ತದೆ. ಊತ ಅಂತ ಎಣ್ಣೆ ಹಚ್ಚಿ ತಿಕ್ಕಿಸಿದರೆ ಇನ್ನಷ್ಟು ಸ್ರಾವ. ನೋವಿಗೆ ಕಾಲು ಮಡಚಿಕೊಂಡು ಮಲಗಿದ ಮಗುವಿನ ಕಾಲು ಕೆಲವೇ ವರ್ಷದಲ್ಲಿ ಹಾಗೇ ನಿಂತುಬಿಡುತ್ತದೆ. ವಾರಕ್ಕೆ ಎರಡು ಮೂರು ಸಲ ಮುಂಚಿತವಾಗಿಯೇ ಫ್ಯಾಕ್ಟರ್ ಕೊಟ್ಟಿದ್ದರೆ ಎಷ್ಟೋ ಆಪರೇಷನ್‌ಗಳ ಮಾತೇ ಬರುತ್ತಿರಲಿಲ್ಲ ಅಂತ ನನಗೆ ಪದೇ ಪದೇ ಅನ್ನಿಸುತ್ತದೆ.

ಸೋದರಮಾವನನ್ನು ಮದುವೆಯಾದದ್ದರಿಂದಲೇ ಹೀಗಾಯಿತು ಅಂತ ಈ ಭಾಗದಲ್ಲಿ ತಾಯಿಯನ್ನು ದೂರುವುದೂ ಇದೆ. ಇದು ತಪ್ಪು. ತಾಯಿ ವಾಹಕಿ, ಅಂದರೆ ರೋಗದ ಜೀನ್ ಹೊತ್ತವಳಾಗಿದ್ದರೆ, ಯಾರನ್ನೇ ಮದುವೆಯಾಗಿರಲಿ, ಪ್ರತಿ ಗಂಡುಮಗುವಿಗೂ ರೋಗ ಬರುವ ಸಾಧ್ಯತೆ ಅರ್ಧಕ್ಕರ್ಧ. ರಕ್ತಸಂಬಂಧದ ಮದುವೆಯಿಂದ ಹೆಚ್ಚುವುದು ಫ್ಯಾಕ್ಟರ್ 13ರ ಕೊರತೆಯಂಥ ಬೇರೆ ರಕ್ತಸ್ರಾವ ರೋಗಗಳು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫಿಲಿಯಾವನ್ನೂ ಪಟ್ಟಿಗೆ ಸೇರಿಸಿತು. 2017ರಲ್ಲಿ ಅಮೆರಿಕದಲ್ಲಿ ಎಮಿಸಿಜುಮಾಬ್‌ಗೆ ಒಪ್ಪಿಗೆ ಸಿಕ್ಕಿತು. ನಾಲ್ಕನೆಯವರು ಹೇಳಿದ ಹೊಸ ಇಂಜೆಕ್ಷನ್ ಇದೇ. ಚರ್ಮದಡಿ ಕೊಟ್ಟರೆ ಸಾಕು, ಎ ವಿಧದವರಿಗೆ ದೊಡ್ಡ ನೆಮ್ಮದಿ. ಆದರೆ ದೊಡ್ಡ ಆಪರೇಷನ್‌ಗೆ ಸಾಮಾನ್ಯವಾಗಿ ಅದರ ಜೊತೆಗೆ ಫ್ಯಾಕ್ಟರ್ ಕೂಡ ಬೇಕು. ಇದನ್ನು ತಗೊಳ್ಳುತ್ತಿರುವವರು ಡಾಕ್ಟರಿಗೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಮಾಮೂಲಿ ರಕ್ತಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಅಂತ ತಪ್ಪು ಉತ್ತರ ಬರುತ್ತದೆ. ಇನ್‌ಹಿಬಿಟರ್ ಪರೀಕ್ಷೆಯೂ ಬೇಕೇ ಬೇಕು. ತೀವ್ರ ಎ ವಿಧದವರಲ್ಲಿ ಸುಮಾರು ಶೇ 30 ಜನರ ದೇಹ ಕೊಟ್ಟ ಫ್ಯಾಕ್ಟರನ್ನೇ ಹಗೆ ಅಂದುಕೊಂಡು ಹೊಡೆದುಹಾಕುತ್ತದೆ.

ಆ ಹುಡುಗನಿಗೆ ಕೀಲು ಬದಲಾವಣೆಯ ವಯಸ್ಸಲ್ಲ. ಮೊದಲು ವ್ಯಾಯಾಮ, ಹಂತ ಹಂತವಾಗಿ ಬದಲಿಸುವ ಪ್ಲಾಸ್ಟರ್. ಬೇಕಾದರೆ ಬಿಗಿದ ಸ್ನಾಯು ಸಡಿಲಿಸುವ ಆಪರೇಷನ್. ಆಪರೇಷನ್ ಆದ ಮೇಲೂ ತಿಂಗಳುಗಟ್ಟಲೆ ಫಿಸಿಯೋಥೆರಪಿ, ಅದಕ್ಕೂ ಫ್ಯಾಕ್ಟರಿನ ಕಾವಲು ಬೇಕು. ಎಲ್ಲೇ ಮಾಡಿಸಿದರೂ ಅವನು ವಾಪಸ್ ಬರುವುದು ಇದೇ ಹಳ್ಳಿಗೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿನಲ್ಲಿ, 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಬಾಟಲಿಯನ್ನು ಐಸ್ ತುಂಬಿದ ಡಬ್ಬಿಯಲ್ಲಿ ಹಿಡಿದು ಜಿಲ್ಲಾ ಆಸ್ಪತ್ರೆಯಿಂದ ಬಸ್ಸಿನಲ್ಲಿ ತರಬೇಕು. ತಾಯಿ ಡಬ್ಬಿ ತಂದಿಟ್ಟಿದ್ದಾರೆ. ತಾರೀಖು ಇನ್ನೂ ಸಿಕ್ಕಿಲ್ಲ.