ಎರಡು ತಂತಿಗಳ ನಡುವಿನ ದೂರ

ಬ್ಯಾಟರಿಯಿಂದ ಓಡುವ ಪ್ರಯಾಣಿಕ ರೈಲಿನ ಮಾತು ಬಂದಲ್ಲೆಲ್ಲ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಚಕ್ರಗಳು ಹೇಗೂ ತಿರುಗುತ್ತಲೇ ಇರುತ್ತವಲ್ಲ, ಅವುಗಳಿಗೆ ಡೈನಮೊ ಜೋಡಿಸಿಬಿಟ್ಟರೆ ಬ್ಯಾಟರಿ ತಾನಾಗಿಯೇ ತುಂಬಿಕೊಳ್ಳುವುದಿಲ್ಲವೇ? ವಿಜ್ಞಾನವನ್ನು ಶಾಲೆಯಲ್ಲಿ ಓದಿದವರೂ ಇದನ್ನು ಗಂಭೀರವಾಗಿ ಕೇಳುವುದು ಕಂಡಾಗ ಸ್ವಲ್ಪ ಬೇಸರವೇ ಆಗುತ್ತದೆ. ಡೈನಮೊ ತಿರುಗಲು ಬೇಕಾದ ಶಕ್ತಿ ಚಕ್ರದಿಂದ ಬರಬೇಕು, ಚಕ್ರಕ್ಕೆ ಅದು ಮೋಟಾರಿನಿಂದ ಬರಬೇಕು, ಮೋಟಾರಿಗೆ ಅದೇ ಬ್ಯಾಟರಿಯಿಂದ ಬರಬೇಕು. ಈ ಸುತ್ತಿನ ಪ್ರತಿಯೊಂದು ಹಂತದಲ್ಲಿಯೂ ಒಂದಿಷ್ಟು ಶಕ್ತಿ ಶಾಖವಾಗಿ ಸೋರಿಹೋಗುವುದರಿಂದ, ಓಡುತ್ತಿರುವಾಗ ಡೈನಮೊ ಹೊತ್ತ ರೈಲು ಡೈನಮೊ ಇಲ್ಲದ ರೈಲಿಗಿಂತ ಬೇಗ ನಿಂತುಹೋಗುತ್ತದೆ.

ಈ ತಪ್ಪು ಕಲ್ಪನೆಯೊಳಗೆ ಒಂದು ಸತ್ಯದ ತುಣುಕು ಇದೆ, ಅದು ಬ್ರೇಕಿಗೆ ಸಂಬಂಧಿಸಿದ್ದು. 100 ಟನ್ ತೂಕದ ರೈಲು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅದರಲ್ಲಿರುವ ಚಲನಶಕ್ತಿ ಸುಮಾರು 38.6 ಮೆಗಾಜೌಲ್, ಅಂದರೆ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ 10.7 ಯೂನಿಟ್. ಹಳೆಯ ಬ್ರೇಕುಗಳು ಇದನ್ನೆಲ್ಲ ಚಕ್ರಕ್ಕೆ ಒತ್ತಿದ ಬ್ರೇಕ್ ಬ್ಲಾಕುಗಳಲ್ಲಿ ಬಿಸಿಯಾಗಿ ಕಳೆಯುತ್ತಿದ್ದವು. ವಿದ್ಯುತ್ ರೈಲಿನ ಮೋಟಾರು ಮಾತ್ರ ನಿಲ್ಲುವಾಗ ಜನರೇಟರ್ ಆಗಿ ಕೆಲಸಮಾಡಿ ಅದರ ಗಣನೀಯ ಭಾಗವನ್ನು ಬ್ಯಾಟರಿಗೆ ಮರಳಿಸಬಲ್ಲದು. ಆದರೆ ದಾರಿಯುದ್ದಕ್ಕೂ ಗಾಳಿಯನ್ನು ಸೀಳಲು ಮತ್ತು ಹಳಿಯ ಪ್ರತಿರೋಧವನ್ನು ಮೀರಲು ಖರ್ಚಾದ ಶಕ್ತಿ ಯಾವ ಬ್ರೇಕಿನಿಂದಲೂ ಹಿಂದಿರುಗುವುದಿಲ್ಲ. ಆದ್ದರಿಂದ ಹೊರಗಿನಿಂದ ಚಾರ್ಜ್ ಮಾಡದೆ ಗತ್ಯಂತರವಿಲ್ಲ. ಎಲ್ಲಿ ಮಾಡಬೇಕು, ಎಷ್ಟು ಬೇಗ ಮಾಡಬೇಕು ಎಂಬುದೇ ಇಡೀ ತಂತ್ರಜ್ಞಾನದ ತಿರುಳು.

ದಿನವಿಡೀ ಓಡಿಸುವಷ್ಟು ಬ್ಯಾಟರಿಯನ್ನು ರೈಲಿಗೆ ಹೊರಿಸುವ ಯೋಚನೆಯನ್ನು ಎಂಜಿನಿಯರುಗಳು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಮೇಲ್ತಂತಿ ಇರುವಲ್ಲಿ ತಂತಿಯಿಂದಲೇ ಓಡಿ, ಅದೇ ಹೊತ್ತಿಗೆ ಬ್ಯಾಟರಿಯನ್ನೂ ತುಂಬಿಕೊಂಡು, ತಂತಿ ಮುಗಿದಲ್ಲಿಂದ ಮುಂದಿನ ತಂತಿ ಸಿಗುವವರೆಗಿನ ಅಂತರವನ್ನು ದಾಟುವಷ್ಟು ಶಕ್ತಿ ಇದ್ದರೆ ಸಾಕು. ಸ್ಟಾಡ್ಲರ್ ಕಂಪನಿಯ ರೈಲೊಂದು 2021ರಲ್ಲಿ ಒಂದೇ ಚಾರ್ಜಿನಲ್ಲಿ 224 ಕಿಲೋಮೀಟರ್ ಓಡಿ ದಾಖಲೆ ಮಾಡಿತು. ಸುದ್ದಿಗೆ ಅದು ಚೆನ್ನ, ಆದರೆ ವೇಳಾಪಟ್ಟಿ ಬರೆಯುವವರಿಗೆ ಬೇಕಾದ ಸಂಖ್ಯೆ ಅದಲ್ಲ. 100 ಟನ್ನಿನ ರೈಲು ಕಿಲೋಮೀಟರಿಗೆ ಸರಾಸರಿ ನಾಲ್ಕು ಯೂನಿಟ್ ಬಳಸುತ್ತದೆಂದು ಇಟ್ಟುಕೊಂಡರೆ, 30 ಕಿಲೋಮೀಟರಿನ ಅಂತರಕ್ಕೆ 120 ಯೂನಿಟ್ ಬೇಕು. ಆಪತ್ಕಾಲಕ್ಕೆಂದು ಅದನ್ನು ಇಮ್ಮಡಿಗೊಳಿಸಿದರೂ, ಆಯ್ದ ಕೋಶದ ಬಗೆಗೆ ತಕ್ಕಂತೆ, ಬ್ಯಾಟರಿಯ ತೂಕ ಎರಡೂವರೆಯಿಂದ ಐದು ಟನ್ನಿನೊಳಗೆ ನಿಲ್ಲುತ್ತದೆ. ರಸ್ತೆಯ ವಾಹನಕ್ಕೆ ಇದು ದೊಡ್ಡ ಹೊರೆ. ಉಕ್ಕಿನ ಹಳಿಯ ಮೇಲೆ ಉರುಳುವ ಉಕ್ಕಿನ ಚಕ್ರಕ್ಕೆ ಇರುವ ಪ್ರತಿರೋಧ ರಬ್ಬರ್ ಟೈರಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುವುದರಿಂದ ರೈಲು ಇದನ್ನು ಸುಲಭವಾಗಿ ತಾಳಿಕೊಳ್ಳುತ್ತದೆ.

ಈಗಾಗಲೇ ಇರುವ ರೈಲುಗಳನ್ನು ಬ್ಯಾಟರಿಗೆ ಮಾರ್ಪಡಿಸುವುದು ಸಾಧ್ಯವಾಗಿರುವುದಕ್ಕೆ ಕಾರಣವಾದ ಭಾಗವೊಂದಿದೆ. ಅದರ ಬಗ್ಗೆ ಜನಪ್ರಿಯ ಬರಹಗಳಲ್ಲಿ ಉಲ್ಲೇಖವೇ ಕಾಣುವುದಿಲ್ಲ. ಆಧುನಿಕ ವಿದ್ಯುತ್ ರೈಲಿನಲ್ಲಿ ತಂತಿಯಿಂದ ಬಂದ ಎ.ಸಿ. (ದಿಕ್ಕು ಬದಲಿಸುತ್ತಲೇ ಇರುವ) ವಿದ್ಯುತ್ತು ನೇರವಾಗಿ ಮೋಟಾರಿಗೆ ಹೋಗುವುದಿಲ್ಲ. ಟ್ರಾನ್ಸ್‌ಫಾರ್ಮರಿನಲ್ಲಿ ಅದರ ವೋಲ್ಟೇಜ್ ಇಳಿಯುತ್ತದೆ, ಒಂದು ಪರಿವರ್ತಕ ಅದನ್ನು ಡಿ.ಸಿ. (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತು) ಆಗಿಸುತ್ತದೆ, ಆಮೇಲೆ ಇನ್ವರ್ಟರ್ ಎಂಬ ಇನ್ನೊಂದು ಪರಿವರ್ತಕ ರೈಲಿನ ಆ ಕ್ಷಣದ ವೇಗಕ್ಕೆ ತಕ್ಕ ಆವರ್ತನದ ಎ.ಸಿ.ಯನ್ನು ಹೊಸದಾಗಿ ಸೃಷ್ಟಿಸಿ ಮೋಟಾರಿಗೆ ಕೊಡುತ್ತದೆ. ಈ ಎರಡು ಪರಿವರ್ತಕಗಳ ನಡುವೆ ಇರುವ ಡಿ.ಸಿ. ಕೊಂಡಿ ಹೊಲದ ಅಂಚಿನ ತೊಟ್ಟಿಯಂತೆ: ಅದಕ್ಕೆ ನೀರು ಕಾಲುವೆಯಿಂದ ಬಂತೋ ಬಾವಿಯಿಂದ ಬಂತೋ ಎಂಬುದು ಮುಂದಿನ ಬೆಳೆಗೆ ಗೊತ್ತಾಗುವುದಿಲ್ಲ. ಅಲ್ಲಿ ಮಟ್ಟ ಕಾಯ್ದುಕೊಂಡರೆ ಸಾಕು, ಇನ್ವರ್ಟರಿಗೂ ಮೋಟಾರಿಗೂ ಮೂಲ ಯಾವುದೆಂಬ ಪರಿವೆಯೇ ಇಲ್ಲ. ಹೀಗಾಗಿ ಬ್ಯಾಟರಿಯನ್ನು ಒಂದು ಡಿ.ಸಿ.-ಡಿ.ಸಿ. ಪರಿವರ್ತಕದ ಮೂಲಕ ಈ ಕೊಂಡಿಗೆ ಸೇರಿಸಿದರೆ ಮೋಟಾರು, ಇನ್ವರ್ಟರ್, ಗೇರು ಯಾವುದನ್ನೂ ಬದಲಿಸಬೇಕಾಗಿಲ್ಲ. ಬ್ರೇಕಿನಿಂದ ಮರಳುವ ಶಕ್ತಿಯೂ ಇದೇ ದಾರಿಯಲ್ಲಿ ಬ್ಯಾಟರಿಗೆ ಹೋಗುತ್ತದೆ. ಎಂಜಿನ್ನಿನ ಬಲವನ್ನು ದಂಡ ಮತ್ತು ಗೇರುಗಳ ಮೂಲಕವೇ ಚಕ್ರಕ್ಕೆ ಮುಟ್ಟಿಸುವ ಡೀಸೆಲ್ ರೈಲಿನಲ್ಲಿ ಇಂಥ ಕೊಂಡಿಯೇ ಇಲ್ಲದಿರುವುದರಿಂದ, ಅದನ್ನು ಮಾರ್ಪಡಿಸುವುದೆಂದರೆ ಚಾಲನಾ ವ್ಯವಸ್ಥೆಯನ್ನು ಬಹುಪಾಲು ಹೊಸದಾಗಿಯೇ ಕಟ್ಟುವುದು.

2015ರ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗ ಈ ಸರಳತೆಯನ್ನು ತೋರಿಸಿತು. ‘ಕ್ಲಾಸ್ 379’ ಎಂಬ ಸಾಧಾರಣ ಉಪನಗರ ವಿದ್ಯುತ್ ರೈಲಿಗೆ ಬ್ಯಾಟರಿ ಅಳವಡಿಸಿ, ಮ್ಯಾನಿಂಗ್‌ಟ್ರೀ ಮತ್ತು ಹಾರ್ವಿಚ್ ನಡುವೆ ಪ್ರಯಾಣಿಕರನ್ನು ಕೂರಿಸಿಕೊಂಡೇ ಓಡಿಸಿದರು. ಜಾಣತನವೇನೆಂದರೆ, ಆ ಮಾರ್ಗದಲ್ಲಿ ತಂತಿ ಇತ್ತು. ತಂತಿಯಿಂದ ವಿದ್ಯುತ್ ಪಡೆಯಲು ರೈಲಿನ ಮೇಲೆ ಇರುವ ಮಡಿಚುವ ತೋಳನ್ನು, ಅಂದರೆ ಪ್ಯಾಂಟೋಗ್ರಾಫನ್ನು, ಇಳಿಸಿ ತಂತಿ ಇಲ್ಲವೆಂಬಂತೆ ಓಡಿಸಿ, ಬ್ಯಾಟರಿ ಕೈಕೊಟ್ಟರೆ ಮೇಲೆತ್ತಿಕೊಳ್ಳುವ ಅವಕಾಶ ಇಟ್ಟುಕೊಂಡಿದ್ದರು.

ನಿಂತಲ್ಲಿಯೇ ಚಾರ್ಜ್ ಮಾಡುವುದು ನೋಡಲು ಸುಲಭವಾದರೂ ನಿಜವಾದ ತೊಡಕು ಇರುವುದು ಅಲ್ಲಿಯೇ. ಓಡುವ ರೈಲಿನಲ್ಲಿ ಪ್ಯಾಂಟೋಗ್ರಾಫಿನ ಇಂಗಾಲದ ಪಟ್ಟಿ ಕ್ಷಣಕ್ಷಣಕ್ಕೂ ತಂತಿಯ ಹೊಸ ಬಿಂದುವನ್ನು ಮುಟ್ಟುತ್ತದೆ, ಬಿಸಿ ಉದ್ದಕ್ಕೂ ಹಂಚಿಹೋಗುತ್ತದೆ. ರೈಲು ನಿಂತಾಗ ಎಲ್ಲ ಪ್ರವಾಹವೂ ಒಂದೇ ಬಿಂದುವಿನಲ್ಲಿ ಹಾದು ತಾಮ್ರದ ತಂತಿ ಕಾಯ್ದು ಮೆತ್ತಗಾಗುವ ಅಪಾಯವಿದೆ. ಅದಕ್ಕೇ ಯುರೋಪಿನ ಮಾನದಂಡಗಳು ಎ.ಸಿ. ಮಾರ್ಗಗಳಲ್ಲಿ ನಿಂತ ರೈಲಿಗೆ ಪ್ರತಿ ಪ್ಯಾಂಟೋಗ್ರಾಫಿಗೆ 80 ಆಂಪಿಯರ್ ಮಿತಿಯನ್ನು ಇಟ್ಟುಕೊಂಡಿವೆ. ಜರ್ಮನಿಯ 15,000 ವೋಲ್ಟಿನ ತಂತಿಯಲ್ಲಿ ಅಷ್ಟು ಪ್ರವಾಹವೆಂದರೆ 1,200 ಕಿಲೋವಾಟ್, ಹತ್ತು ನಿಮಿಷಕ್ಕೆ 200 ಯೂನಿಟ್, ಅದು ಸಾಕಾಗುತ್ತದೆ. ಅದೇ ಸಾಮರ್ಥ್ಯವನ್ನು 1,500 ವೋಲ್ಟಿನ ಡಿ.ಸಿ. ತಂತಿಯಿಂದ ಪಡೆಯಬೇಕಾದರೆ 800 ಆಂಪಿಯರ್ ಎಳೆಯಬೇಕು, ಅದು ನಿಂತ ರೈಲಿಗೆ ಸಾಧ್ಯವಿಲ್ಲದ ಮಾತು. ಜಪಾನಿನ ಕರಸುಯಾಮಾ ಮಾರ್ಗಕ್ಕೆ 2014ರಲ್ಲಿ ಬ್ಯಾಟರಿ ರೈಲು ತಂದಾಗ ಈ ತೊಡಕನ್ನು ಬಿಡಿಸಲು ಕೊನೆಯ ನಿಲ್ದಾಣದಲ್ಲಿ ತಂತಿಯ ಬದಲು ಬಿಗಿಯಾದ ಲೋಹದ ವಾಹಕವನ್ನೇ ತಲೆಯ ಮೇಲೆ ಕೂರಿಸಿದರು. 190 ಯೂನಿಟ್ ಸಾಮರ್ಥ್ಯದ ಆ ಎರಡು ಬೋಗಿಗಳ ರೈಲು ಉತ್ಸುನೋಮಿಯಾದಿಂದ ಹೊಶಾಕುಜಿಯವರೆಗೆ ತಂತಿಯಡಿ ಓಡಿ, ಅಲ್ಲಿಂದ 20.4 ಕಿಲೋಮೀಟರ್ ದೂರವನ್ನು ಬ್ಯಾಟರಿಯಲ್ಲಿ ದಾಟುತ್ತದೆ.

ಲಂಡನ್ನಿನ ಗ್ರೀನ್‌ಫರ್ಡ್ ಮಾರ್ಗದಲ್ಲಿ ಪರಿಹಾರ ನೆಲದಲ್ಲಿದೆ. ಅಲ್ಲಿನ ರೈಲಿನ ಅಲ್ಯೂಮಿನಿಯಂ ಒಡಲು 1980ರ ಸುಮಾರಿಗೆ ಲಂಡನ್ನಿನ ಸುರಂಗ ರೈಲು ಜಾಲಕ್ಕಾಗಿ ತಯಾರಾದದ್ದು. ತುಕ್ಕು ಹಿಡಿಯದ ಆ ಒಡಲನ್ನು ಉಳಿಸಿಕೊಂಡು ಒಳಗೆ ಬ್ಯಾಟರಿ ತುಂಬಿದರು. ಹಳಿಗಳ ನಡುವೆ ಕೂರಿಸಿದ ಗಿಡ್ಡ ವಾಹಕಗಳು ರೈಲು ತಮ್ಮ ಮೇಲೆ ಬಂದು ನಿಂತಾಗ ಮಾತ್ರ ಜೀವ ಪಡೆದು ಮೂರೂವರೆ ನಿಮಿಷದಲ್ಲಿ ಅದನ್ನು ಚಾರ್ಜ್ ಮಾಡುತ್ತವೆ. ಇಷ್ಟು ದೊಡ್ಡ ತುತ್ತನ್ನು ಸ್ಥಳೀಯ ವಿದ್ಯುತ್ ಜಾಲ ಒಮ್ಮೆಲೇ ಕೊಡಲಾರದಾದ್ದರಿಂದ ಹಳಿಯ ಪಕ್ಕದಲ್ಲಿ ಇನ್ನೊಂದು ಬ್ಯಾಟರಿ ಸಾಲು ಇದೆ. ರೈಲು ಓಡಾಡುತ್ತಿರುವ ಹೊತ್ತಿನಲ್ಲಿ ಅದು ಜಾಲದಿಂದ ನಿಧಾನವಾಗಿ ತುಂಬಿಕೊಂಡಿರುತ್ತದೆ.

ಇದನ್ನೆಲ್ಲ ನಮ್ಮ ಕಾಲದ ಸೃಷ್ಟಿಯೆಂದು ಭಾವಿಸುವವರು ಇತಿಹಾಸವನ್ನು ಸ್ವಲ್ಪ ತಿರುವಿಹಾಕಬೇಕು. ಸ್ಕಾಟ್ಲೆಂಡಿನ ರಾಬರ್ಟ್ ಡೇವಿಡ್ಸನ್ 1842ರಲ್ಲಿಯೇ ‘ಗಾಲ್ವನಿ’ ಎಂಬ ಬ್ಯಾಟರಿ ಎಂಜಿನ್ನನ್ನು ಎಡಿನ್‌ಬರೊ–ಗ್ಲಾಸ್ಗೊ ಹಳಿಯ ಮೇಲೆ ಓಡಿಸಿದ್ದ. ಆತನ ಕೋಶಗಳನ್ನು ಮರಳಿ ತುಂಬುವಂತಿರಲಿಲ್ಲ, ಸತುವು ಕರಗಿಹೋಗುತ್ತಿತ್ತು. ಉರಿಸುವ ಕಲ್ಲಿದ್ದಲಿನ ಮುಂದೆ ಕರಗಿಸುವ ಸತುವು ಬಹಳ ದುಬಾರಿಯಾಯಿತು. 1859ರಲ್ಲಿ ಗಸ್ತೋನ್ ಪ್ಲಾಂತೆ ಮರಳಿ ತುಂಬಬಹುದಾದ ಸೀಸ-ಆಮ್ಲ ಕೋಶವನ್ನು ತಂದ ಮೇಲೆಯೇ ದಾರಿ ತೆರೆದದ್ದು. ಪ್ರಷ್ಯಾದಲ್ಲಿ 1907ರಿಂದ ಅಂಥ ರೈಲುಗಳು ಓಡಿದವು. ಪಶ್ಚಿಮ ಜರ್ಮನಿ 1950ರ ದಶಕದಲ್ಲಿ ಕಟ್ಟಲಾರಂಭಿಸಿದ ಇನ್ನೂರಕ್ಕೂ ಹೆಚ್ಚು ಬ್ಯಾಟರಿ ರೈಲುಗಳಲ್ಲಿ ಕೊನೆಯವು 1995ರವರೆಗೆ ಸೇವೆಯಲ್ಲಿದ್ದವು. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಐರ್ಲೆಂಡಿನ ಜೇಮ್ಸ್ ಡ್ರಮ್‌ನ ಕತೆ. ಬೇಗ ಚಾರ್ಜ್ ಆಗುವ ನಿಕಲ್-ಸತು ಕೋಶವನ್ನು ರೂಪಿಸಿ 1932ರಿಂದ 1949ರವರೆಗೆ ಡಬ್ಲಿನ್ ಮತ್ತು ಬ್ರೇ ನಡುವೆ ರೈಲು ಓಡುವಂತೆ ಮಾಡಿದವನು ಅವನು. ಶ್ಯಾನನ್ ನದಿಯ ಜಲವಿದ್ಯುತ್ತು ಆಗಷ್ಟೇ ದೊರೆಯತೊಡಗಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲಿಗೆ ಬರ ಬಂದಾಗಲೂ ಆ ರೈಲುಗಳು ನಿಲ್ಲಲಿಲ್ಲ. ಹೊರುವುದಕ್ಕಿಂತ ಬೇಗ ತುಂಬುವುದು ಮುಖ್ಯವೆಂದು ಅವನಿಗೆ ಆಗಲೇ ಹೊಳೆದಿತ್ತು.

ಇಂದಿನ ಕೋಶಗಳ ಆಯ್ಕೆಯೂ ಅದೇ ನೆಲೆಯಲ್ಲಿ ನಡೆಯುತ್ತದೆ. ಲಿಥಿಯಂ-ಟೈಟನೇಟ್ ಕೋಶಗಳು ಕಿಲೋಗ್ರಾಂಗೆ ಹಿಡಿಯುವ ಶಕ್ತಿ ಫೋನು ಮತ್ತು ಕಾರುಗಳ ಸಾಮಾನ್ಯ ಲಿಥಿಯಂ ಕೋಶಗಳಿಗಿಂತ ತೀರ ಕಡಿಮೆ, ಆದರೆ ಅವು ಅತಿ ವೇಗದ ಚಾರ್ಜನ್ನು ಹಾನಿಯಿಲ್ಲದೆ ಸಹಿಸಿ ಹತ್ತು ಸಾವಿರಕ್ಕೂ ಮಿಕ್ಕಿದ ಆವೃತ್ತಿಗಳವರೆಗೆ ಬಾಳುತ್ತವೆ. ದಿನಕ್ಕೆ ಹತ್ತಾರು ಸಲ ತುಂಬಿ ಬರಿದಾಗುವ ರೈಲಿಗೆ ಈ ಗುಣವೇ ದೊಡ್ಡದು. ಆಪತ್ಕಾಲದ ಲೆಕ್ಕವನ್ನೂ ಮರೆಯಬಾರದು: ಸಿಗ್ನಲ್ ಕೆಟ್ಟು ತಂತಿಯಿಲ್ಲದ ನಡುದಾರಿಯಲ್ಲಿ ಒಂದು ಗಂಟೆ ನಿಂತರೆ, ಹವಾನಿಯಂತ್ರಣ ಮತ್ತು ದೀಪಗಳೇ ಹಲವು ಕಿಲೋಮೀಟರ್ ಓಟಕ್ಕೆ ಸಾಕಾಗುವಷ್ಟು ಯೂನಿಟ್ಟುಗಳನ್ನು ತಿಂದುಹಾಕುತ್ತವೆ.

ಬ್ಯಾಟರಿ ಸಲ್ಲದ ಕಡೆಗಳೂ ಇವೆ. 100 ಟನ್ನನ್ನು 100 ಮೀಟರ್ ಎತ್ತರಕ್ಕೆ ಏರಿಸಲು 27 ಯೂನಿಟ್ ಬೇಕಾದರೆ, 2,000 ಟನ್ನಿನ ಸರಕು ರೈಲಿಗೆ ಅದೇ ಏರಿಗೆ 545 ಯೂನಿಟ್ ಬೇಕು. ಅಂಥ ಹಳಿಗೂ, ನಿಮಿಷಗಳ ಅಂತರದಲ್ಲಿ ರೈಲು ಓಡುವ ಹಳಿಗೂ ಪೂರ್ತಿ ತಂತಿ ಎಳೆಯುವುದೇ ಲಾಭ. ದಿನಕ್ಕೆ ಕೆಲವೇ ರೈಲುಗಳಿರುವ ಕವಲು ಮಾರ್ಗಗಳ ಲೆಕ್ಕ ಬೇರೆ. ಅಲ್ಲಿ ತಂತಿಯ ಖರ್ಚು ಹೆಚ್ಚುವುದು ತಗ್ಗು ಸೇತುವೆ ಮತ್ತು ಸುರಂಗಗಳನ್ನು ಒಡೆದು ಕಟ್ಟಬೇಕಾದಾಗ. ಅವುಗಳನ್ನು ಬಿಟ್ಟು ಬಯಲಿನಲ್ಲಷ್ಟೇ ತಂತಿ ಎಳೆದರೂ ಬ್ಯಾಟರಿ ರೈಲಿಗೆ ನಡೆಯುತ್ತದೆ. ಬ್ಯಾಟರಿಯ ಆಯುಷ್ಯ ರೈಲಿನ ಒಡಲಿಗಿಂತ ಕಡಿಮೆಯಾದ್ದರಿಂದ ನಡುವೆ ಒಮ್ಮೆಯಾದರೂ ಅದನ್ನು ಬದಲಿಸಬೇಕಾಗುತ್ತದೆ, ಮತ್ತು ಅಷ್ಟರಲ್ಲಿ ಎರಡೂ ತುದಿಗಳಿಂದ ತಂತಿ ಇನ್ನಷ್ಟು ಮುಂದೆ ಬಂದಿದ್ದರೆ, ಅದೇ ರೈಲಿಗೆ ಎರಡನೇ ಸಲ ಹಾಕುವ ಬ್ಯಾಟರಿ ಮೊದಲಿನದಕ್ಕಿಂತ ಚಿಕ್ಕದಾಗಿದ್ದರೂ ಸಾಕು.