ಹುಡುಗ ಅವನು, ಹಸಿ ಅಡಿಕೆ ಅಲ್ಲ

ಟೂರ್ನಮೆಂಟಿಗೆ ಎರಡು ದಿನ ಇದೆ ಅನ್ನುವಾಗ ಶಿವಮೊಗ್ಗದ ನೆಹರೂ ಕ್ರೀಡಾಂಗಣಕ್ಕೆ ಬನ್ನಿ. ಮಳೆ ಇಲ್ಲದಿದ್ದರೂ ರೇನ್‌ಕೋಟ್ ಹಾಕಿಕೊಂಡು ಓಡುವ ಹುಡುಗ ಒಬ್ಬನಾದರೂ ಸಿಗುತ್ತಾನೆ. ಅಪ್ಪ ಮೆಟ್ಟಿಲ ಮೇಲೆ ಕೂತು ರೌಂಡ್ ಎಣಿಸುತ್ತಿರುತ್ತಾರೆ. ಕೇಳಿದರೆ, 'ಎರಡು ಕೆಜಿ ತಾನೇ ಸಾರ್, ಇಳಿಸಿಬಿಡ್ತಾನೆ.'

ನಾನು ಕಲಿಸುವುದು ಟೇಕ್ವಾಂಡೊ, ಕಾಲಲ್ಲಿ ಒದ್ದು ಪಾಯಿಂಟ್ ಗಳಿಸುವ ಆಟ. ತೂಕ ನೋಡಿ ವಿಭಾಗ ಮಾಡುತ್ತಾರೆ, ಕೆಳಗಿನ ವಿಭಾಗಕ್ಕೆ ಇಳಿಯಲು ಈ ಓಟ. ಕಲಿಸಲು ಶುರು ಮಾಡಿದಾಗಿನಿಂದ ಈ ಎರಡು ಕೆಜಿ ಮಾತು ಕೇಳಿ ಕೇಳಿ ಸಾಕಾಗಿದೆ.

ಎರಡು ದಿನದಲ್ಲಿ ಇಳಿಯುವುದು ಕೊಬ್ಬಲ್ಲ, ಹೆಚ್ಚುಕಮ್ಮಿ ಎಲ್ಲ ನೀರೇ. ರಿಪ್ಪನ್‌ಪೇಟೆ ಕಡೆಯ ಒಬ್ಬರಿಗೆ ಇದನ್ನು ಅಡಿಕೆ ಲೆಕ್ಕದಲ್ಲೇ ಹೇಳಬೇಕಾಯಿತು. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದರೆ ತೂಕ ಇಳಿಯುತ್ತದೆ. ಹೋಗಿದ್ದು ಏನು? ನೀರು. ಅಡಿಕೆ ಒಣಗಿದರೆ ರೇಟು ಬರುತ್ತದೆ. ಹುಡುಗ ಒಣಗಿದರೆ ಕಾಲು ಏಳುವುದಿಲ್ಲ.

ಅವರು ತಲೆ ಆಡಿಸಿದರು. ಕೇಳಲಿಲ್ಲ.

ಮಗನಿಗೆ 17 ವರ್ಷ, ತೂಕ 80 ಚಿಲ್ಲರೆ. ಜೂನಿಯರ್ ಹುಡುಗರಲ್ಲಿ 78ರ ಒಳಗೆ ಒಂದು ವಿಭಾಗ, 78ರ ಮೇಲೆ ಇನ್ನೊಂದು. ಮೇಲಿನದಕ್ಕೆ ಮಿತಿಯೇ ಇಲ್ಲ. 'ನೂರು ಕೆಜಿಯವನು ಎದುರು ಬಂದರೆ?' ಅಂತ ಮನೆಯಲ್ಲಿ ಹೆದರಿಕೆ. ಸರಿ, ಎರಡು ದಿನ ಬರೀ ಸೌತೆಕಾಯಿ. ಬಸ್ಸಿನಲ್ಲಿ ಖಾಲಿ ಬಾಟಲಿಗೆ ಉಗುಳುತ್ತಾ ಬಂದ. ಆಟದ ಹಿಂದಿನ ದಿನ ತೂಕ ನೋಡಿದಾಗ 77.9. ಅಪ್ಪನಿಗೆ ಖುಷಿಯೋ ಖುಷಿ. ರಾತ್ರಿ ಹುಡುಗ ಸಿಕ್ಕಿದ್ದೆಲ್ಲ ತಿಂದು ವಾಂತಿ ಮಾಡಿಕೊಂಡ, ಪಾಪ. ಮರುದಿನ ಮೂರು ರೌಂಡಿನ ಪಂದ್ಯದಲ್ಲಿ ಮೊದಲ ರೌಂಡ್ ಹೇಗೋ ಗೆದ್ದ. ಆಮೇಲೆ ಕಿಕ್ ಎದೆಗೆ ತಾಗುತ್ತಿತ್ತು, ಪಾಯಿಂಟ್ ಬೀಳುತ್ತಿರಲಿಲ್ಲ. ಉಳಿದ ಎರಡು ರೌಂಡೂ ಹೋಯಿತು.

ಚೆಸ್ಟ್ ಗಾರ್ಡ್ ಒಳಗೆ ಸೆನ್ಸರ್ ಇರುತ್ತದೆ. ಇಷ್ಟು ಜೋರಾಗಿ ಬಿದ್ದರೆ ಮಾತ್ರ ಪಾಯಿಂಟ್ ಅಂತ ತೂಕದ ವಿಭಾಗಕ್ಕೆ ತಕ್ಕ ಹಾಗೆ ಸೆಟ್ ಮಾಡಿರುತ್ತಾರೆ. ಸುಮ್ನೆ ಸವರಿದರೆ ಅದು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಎದೆಗಿಂತ ತಲೆಗೆ ಒದ್ದರೆ ಪಾಯಿಂಟ್ ಜಾಸ್ತಿ, ನಿಜ. ಆದರೆ ಸೊಂಟದ ಮಟ್ಟಕ್ಕೇ ಬಾರದ ಕಾಲು ತಲೆಗೆ ಹೋಗುತ್ತಾ?

ಹೆವಿವೇಟ್ ಅಂದರೆ ಶಿಕ್ಷೆ ಅಂದುಕೊಳ್ಳುವವರು ಮೆಕ್ಸಿಕೋದ ಮರಿಯಾ ಎಸ್ಪಿನೋಜಾ ಅವರನ್ನು ನೋಡಬೇಕು. 67 ಕೆಜಿ ಮೇಲಿನ ವಿಭಾಗದಲ್ಲೇ 2008ರಲ್ಲಿ ಒಲಿಂಪಿಕ್ಸ್ ಚಿನ್ನ, 2012ರಲ್ಲಿ ಕಂಚು, 2016ರಲ್ಲಿ ಬೆಳ್ಳಿ. ನೈಜರ್ ದೇಶದ ಅಬ್ದುಲ್ ಇಸ್ಸೂಫು 2016ರಲ್ಲಿ 80ರ ಮೇಲಿನವರಲ್ಲಿ ಬೆಳ್ಳಿ ತಂದ, ಮರುವರ್ಷ ವಿಶ್ವ ಚಾಂಪಿಯನ್ ಆದ. ಎರಡು ಮೀಟರ್ ಮೀರಿದ ಆಳು. ಮುಂದಿನ ಕಾಲು ಎತ್ತಿ ಹಿಡಿದರೆ ಎದುರಿನವನು ಹತ್ತಿರ ಬರುವುದೇ ಕಷ್ಟ.

ಹಾಗಂತ ಬೊಜ್ಜು ಇದ್ದರೂ ಪರವಾಗಿಲ್ಲ ಅನ್ನುತ್ತಿಲ್ಲ. ಮೊಣಕಾಲಿಗೆ ಹೊರೆ ಆಗುತ್ತದೆ. ಇಳಿಸಲೇಬೇಕಾದರೆ ಡಾಕ್ಟರನ್ನು ಕೇಳಿ, ತಿಂಗಳುಗಟ್ಟಲೆ ಸಮಯ ತಗೊಂಡು ನಿಧಾನವಾಗಿ ಇಳಿಸಿ. ಬೆಳೆಯುವ ಮಕ್ಕಳಲ್ಲಂತೂ ಒಬ್ಬರ ಹಾಗೆ ಇನ್ನೊಬ್ಬರು ಇರುವುದಿಲ್ಲ.

ಆ ಹುಡುಗ ಈಗ ಸೀನಿಯರ್. 83 ಕೆಜಿ ಇದ್ದಾನೆ, 87ರ ಒಳಗಿನ ವಿಭಾಗದಲ್ಲಿ ಹೊಟ್ಟೆ ತುಂಬ ಉಂಡು ಆರಾಮಾಗಿ ಆಡುತ್ತಾನೆ. ಮೊನ್ನೆ ಅವರಪ್ಪ ಫೋನ್ ಮಾಡಿದ್ದರು.

'ಸಾರ್, ಕಡುಬು, ಹಲಸಿನಹಣ್ಣು ಚೆನ್ನಾಗಿ ಹೊಡೆಸಿ ಒಂದು ತಿಂಗಳಲ್ಲಿ 88 ಮಾಡಿದರೆ ಮೇಲಿನದಕ್ಕೆ ಹಾಕಬಹುದಾ? ಅಲ್ಲಿ ಜನ ಕಮ್ಮಿ ಅಂತೆ.'

ಕುರ್ಚಿ ಎಳೆದುಕೊಂಡು ಕೂತೆ. ಮತ್ತೆ ಅಡಿಕೆಯಿಂದಲೇ ಶುರು ಮಾಡಿದೆ.