ಗುಳಿಗೆ ಡಬ್ಬ ಒಮ್ಮೆ ತೆರೆದು ನೋಡಿ

2024ರ ಜುಲೈ ಕೊನೆ. ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹತ್ತು ದಿನ ಕಳೆದಿತ್ತು. ಕುಮಟಾದ ನನ್ನ ಕ್ಲಿನಿಕ್ಕಿಗೆ ಘಟ್ಟದ ಬುಡದ ಹಳ್ಳಿಯ ಹಿರಿಯರೊಬ್ಬರು ಬಂದರು. ತಲೆಸುತ್ತು ಎಂದರು. ಬಿಪಿ ನೋಡಿದರೆ ಮೇಲಿನ ಅಂಕಿ ಇನ್ನೂರರ ಹತ್ತಿರ ಇತ್ತು.

“ಗುಳಿಗೆ ತಗೊಳ್ತಾ ಇದ್ದೀರಲ್ಲ?”

“ಖಾಲಿಯಾಗಿ ಎಂಟು ದಿನ ಆಯ್ತು ಡಾಕ್ಟ್ರೇ. ಮಳೆ ಜೋರು, ದಾರಿ ಬೇರೆ ಬಂದ್. ಪ್ಯಾಟಿಗೆ ಬರುಕೆ ಆಗ್ಲಿಲ್ಲ.”

ನಿದ್ದೆ ಬರುತ್ತಾ ಎಂದು ಕೇಳಿದೆ. ಜೇಬಿನಿಂದ ಫೋನ್ ತೆಗೆದು ತೋರಿಸಿದರು. ಒಂದರ ಹಿಂದೆ ಒಂದು ಕುಸಿತದ ವೀಡಿಯೊ. ಕುಸಿತಕ್ಕೆ ಸಿಕ್ಕಿದ ಲಾರಿಯನ್ನು ಗಂಗಾವಳಿ ಹೊಳೆಯಲ್ಲಿ ಹುಡುಕುವ ಕೆಲಸ ಎಲ್ಲಿಗೆ ಬಂತು ಎಂಬುದೆಲ್ಲ ಅವರಿಗೆ ಬಾಯಿಪಾಠ. ಅದರ ಜೊತೆಗೆ ಬೇರೆ ರಾಜ್ಯದ ಯಾವುದೋ ಹಳೆ ಕುಸಿತವೂ ‘ಇವತ್ತಿನದು’ ಎಂದು ಬಂದು ಕೂತಿತ್ತು. ರಾತ್ರಿ ಎರಡರವರೆಗೆ ಅದನ್ನೇ ನೋಡುತ್ತಿದ್ದರಂತೆ. ಆದರೆ ಡಬ್ಬದಲ್ಲಿ ಎಷ್ಟು ಗುಳಿಗೆ ಉಳಿದಿದೆ ಎಂದು ಮಾತ್ರ ನೋಡಿರಲಿಲ್ಲ.

ಅವರಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಆ ಹತ್ತು ದಿನ ನಾನೂ ಅದನ್ನೇ ಮಾಡುತ್ತಿದ್ದೆ. ಅವತ್ತು ರಾತ್ರಿ ಕರೆಂಟು ಹೋದಾಗ ನಮ್ಮ ಮನೆಯ ಬ್ಯಾಟರಿ ದೀಪದಲ್ಲಿ ಶೆಲ್ ಇರಲಿಲ್ಲ. ಫೋನ್ ನೋಡುತ್ತಾ ಕೂತಾಗ ಏನೋ ಎಚ್ಚರದಿಂದ ಇದ್ದೇವೆ ಅನ್ನಿಸುತ್ತದೆ, ಅಲ್ವಾ? ಮೈ ಬಿಗಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಹೋಗುತ್ತದೆ. ಮನೆಯಲ್ಲಿ ಮಾತ್ರ ಒಂದು ಕೆಲಸವೂ ಮುಂದೆ ಹೋಗಿರುವುದಿಲ್ಲ.

ಆ ವಾರವೇ ಫೇಸ್‌ಬುಕ್, ಇನ್‌ಸ್ಟಾಗ್ರಾಂ ತೆಗೆದೆ. ವಾಟ್ಸಾಪ್ ಪೂರ್ತಿ ಬಿಡಲು ಆಗಲಿಲ್ಲ. ಮಳೆಗೆ ಶಾಲೆ ರಜೆಯ ಸುದ್ದಿ ಬರುವುದೇ ಅಲ್ಲಿ. ಮನೆಯವರದ್ದು, ಶಾಲೆಯದ್ದು, ಆಸ್ಪತ್ರೆಯದ್ದು ಎಂದು ಮೂರು ಗ್ರೂಪ್ ಇಟ್ಟುಕೊಂಡು ಉಳಿದದ್ದರಿಂದ ಹೊರಬಂದೆ. ಸುದ್ದಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ರೇಡಿಯೊ. ಮೊದಲ ನಾಲ್ಕು ದಿನ ಕೈ ಸುಮ್ನೆ ಫೋನ್ ಹುಡುಕುತ್ತಿತ್ತು. ಆಮೇಲೆ ನಿದ್ದೆ ಮರಳಿತು. ಜಾಲತಾಣದಿಂದ ಒಳ್ಳೆಯದೇ ಆಗಿಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು 2022ರಲ್ಲಿ ಜೋರಾಗಿ ಎದ್ದದ್ದು ಅಲ್ಲೇ. ಆದರೆ ರಾತ್ರಿ ಹನ್ನೊಂದರ ನಂತರ ಅದು ಯಾರಿಗೂ ಒಳ್ಳೆಯದು ಮಾಡಿದ್ದನ್ನು ನಾನು ಕಂಡಿಲ್ಲ.

2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟು ಕಾಳಿ ನದಿ ದಂಡೆಯ ಊರುಗಳು ಮುಳುಗಿದವು. ಮರುವರ್ಷ ಕೊರೊನಾ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜಾರಿತು. ಶಿರೂರು ಆದ ಮೂರೇ ವಾರಕ್ಕೆ ಕಾರವಾರದಲ್ಲಿ ಕಾಳಿಯ ಹಳೆ ಸೇತುವೆ ಬಿತ್ತು. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಕಾದಾಟ ನಡೆದಾಗ, ಇಲ್ಲಿ ನೌಕಾನೆಲೆ ಇದೆ, ಕೈಗಾ ಅಣುಸ್ಥಾವರ ಇದೆ ಎಂದು ಕಾರವಾರದ ಕಡೆಯ ನನ್ನ ಪೇಷಂಟುಗಳು ನಿದ್ದೆ ಬಿಟ್ಟರು. ಕಾರಣ ಒಂದೊಂದು ಸಲ ಒಂದೊಂದು. ಆದರೆ ಅಡುಗೆಮನೆಯಲ್ಲಿ ನಿಂತು ನೋಡಿದರೆ ತೊಂದರೆ ಹೆಚ್ಚುಕಮ್ಮಿ ಒಂದೇ. ದಾರಿ ಕಟ್ಟುತ್ತದೆ, ಕರೆಂಟು ಹೋಗುತ್ತದೆ, ನೆಟ್‌ವರ್ಕ್ ಹೋಗುತ್ತದೆ. ಈ ಮೂರಕ್ಕೆ ತಯಾರಿದ್ದರೆ ಯಾವ ಸುದ್ದಿ ನಿಜ, ಯಾವುದು ಸುಳ್ಳು ಎಂದು ರಾತ್ರಿಯೆಲ್ಲ ಹುಡುಕಬೇಕಾಗಿಲ್ಲ.

ಊಟದ ವಿಷಯದಲ್ಲಿ ನಮ್ಮವರಿಗೆ ಹೇಳಿಕೊಡುವುದೇನೂ ಇಲ್ಲ. ಅಟ್ಟದಲ್ಲಿ ಒಣ ಕಟ್ಟಿಗೆ, ಭರಣಿಯಲ್ಲಿ ಅಪ್ಪೆಮಿಡಿ, ಹಲಸಿನ ಹಪ್ಪಳ, ಉಪ್ಪುಸೊಳೆ, ಕರಾವಳಿಯಲ್ಲಾದರೆ ಜೂನ್‌, ಜುಲೈನಲ್ಲಿ ಯಾಂತ್ರಿಕ ದೋಣಿ ಕಡಲಿಗಿಳಿಯದ ದಿನಗಳಿಗೆ ಒಣಮೀನು. ನನ್ನ ಅತ್ತೆ ಇದನ್ನೆಲ್ಲ ಯಾವ ವೀಡಿಯೊ ನೋಡಿ ಕಲಿತವರಲ್ಲ. ಅಜ್ಜಿಯಂದಿರ ಕಾಲದಲ್ಲಿ ಇಲ್ಲದೆ ಈಗ ಬಂದಿರುವುದು ದಿನಾ ನುಂಗಬೇಕಾದ ಗುಳಿಗೆ. ಅಟ್ಟದ ಲೆಕ್ಕದಲ್ಲಿ ಅದು ಇನ್ನೂ ಸೇರಿಲ್ಲ.

ಹಾಗಾಗಿ ಅದರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಬಿಪಿ, ಸಕ್ಕರೆ, ಥೈರಾಯ್ಡ್, ಉಬ್ಬಸ, ಫಿಟ್ಸ್, ಹೃದಯದ ಗುಳಿಗೆ ತೆಗೆದುಕೊಳ್ಳುವವರು ಮಳೆಗಾಲದಲ್ಲಿ ಎರಡು ವಾರದ್ದು ಹೆಚ್ಚುವರಿ ಇಟ್ಟುಕೊಳ್ಳಿ. ಫಿಟ್ಸ್ ಗುಳಿಗೆ ಒಮ್ಮೆಲೇ ನಿಂತರೆ ಫಿಟ್ಸ್ ಮರುಕಳಿಸಬಹುದು. ಹೃದಯದ ಕೆಲವು ಗುಳಿಗೆಗಳೂ ಹಾಗೆಯೇ, ತಟ್ಟನೆ ಬಿಡುವಂಥವಲ್ಲ. ಹೊಸದು ತಂದಾಗ ಹಿಂದೆ ಇಡಿ, ಹಳೆಯದನ್ನು ಮೊದಲು ಮುಗಿಸಿ. ಸ್ಟ್ರಿಪ್‌ನಿಂದ ಬಿಡಿಸಿ ಬಾಟಲಿಗೆ ಸುರಿಯಬೇಡಿ. ನಮ್ಮ ಜೂನ್ ತಿಂಗಳ ತೇವಕ್ಕೆ ಗುಳಿಗೆ ಹಾಳಾಗುತ್ತದೆ. ಸ್ಟ್ರಿಪ್ ಸಮೇತ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಇಡಿ. ಡಾಕ್ಟರ ಚೀಟಿಯ ಝೆರಾಕ್ಸ್ ಒಂದನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಅದೇ ಡಬ್ಬದಲ್ಲಿಡಿ. ಫೋನಿನಲ್ಲಿ ಫೋಟೊ ಇದೆ ಎನ್ನುತ್ತೀರಿ. ಚಾರ್ಜ್ ಮುಗಿದ ಮೇಲೆ ಆ ಫೋಟೊ ಯಾರಿಗೆ ತೋರಿಸುತ್ತೀರಿ?

ಇನ್ಸುಲಿನ್ ಬಗ್ಗೆ ಜನ ತುಂಬಾ ಹೆದರುತ್ತಾರೆ. ಕರೆಂಟು ಹೋಗಿ ಎರಡು ದಿನವಾಯ್ತು ಎಂದು ಬಾಟಲಿಯನ್ನೇ ಎಸೆದವರಿದ್ದಾರೆ. ಬಳಕೆಯಲ್ಲಿರುವ ಇನ್ಸುಲಿನ್ ಫ್ರಿಜ್ ಇಲ್ಲದಿದ್ದರೂ, 30 ಡಿಗ್ರಿಯೊಳಗಿನ ತಂಪಿನಲ್ಲಿ, ಸಾಮಾನ್ಯವಾಗಿ 28 ದಿನದವರೆಗೆ ಕೆಲಸ ಮಾಡುತ್ತದೆ. ನಿಮ್ಮ ಬಾಟಲಿಗೆ ಎಷ್ಟು ದಿನ ಎಂಬುದು ಪೆಟ್ಟಿಗೆಯೊಳಗಿನ ಚೀಟಿಯಲ್ಲಿರುತ್ತದೆ. ಒಂದು ಮಡಕೆಯೊಳಗೆ ಇನ್ನೊಂದು ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ. ಬಾಟಲಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಳಗಿಡಿ. ಮಳೆಗಾಲದಲ್ಲಿ ಗಾಳಿಯೇ ಒದ್ದೆ ಇರುವುದರಿಂದ ಮಡಕೆ ಅಷ್ಟಾಗಿ ತಂಪು ಮಾಡದು, ಆಗ ಹೊರಗಿನ ತಂಪೇ ಸಾಕಾಗುತ್ತದೆ. ಮಡಕೆ ನಿಜವಾಗಿ ಬೇಕಾಗುವುದು ಏಪ್ರಿಲ್, ಮೇ ಸೆಕೆಯಲ್ಲಿ. ಬಾಟಲಿಯನ್ನು ಐಸಿಗೆ ತಾಗಿಸಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಉಪಯೋಗಕ್ಕಿಲ್ಲ.

ಹಳ್ಳ ದಾಟಿ ಬರಬೇಕಾದ ಊರಿನಲ್ಲಿ ಬಸುರಿ ಇದ್ದರೆ, ಹೆರಿಗೆಗೆ ಕೊಟ್ಟ ದಿನಕ್ಕೆ ಎರಡು ವಾರ ಮೊದಲೇ ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಕರೆತನ್ನಿ. ಇದನ್ನು ಮುಂದೂಡಬೇಡಿ.

ನೀರು. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಎಂದರೂ ಐದು ಜನರ ಮನೆಗೆ ಮೂರು ದಿನಕ್ಕೆ 60 ಲೀಟರ್ ಆಯಿತು. ಮುಚ್ಚಿಟ್ಟ ನಾಲ್ಕು ದೊಡ್ಡ ಕೊಡ ಸಾಕು. ಬಾವಿ ಇದೆಯಲ್ಲ ಎನ್ನಬೇಡಿ. ಶಿರಸಿ ಹತ್ತಿರದ ನನ್ನ ತವರಲ್ಲಿ ಪಂಪ್ ಬಂದ ಮೇಲೆ ನೀರು ಸೇದುವ ಗಡಗಡೆ ಕಿತ್ತು ಹಾಕಿದ್ದರು. ಒಂದು ಮಳೆಗಾಲ ಐದು ದಿನ ಕರೆಂಟಿಲ್ಲ. ತುಂಬಿದ ಬಾವಿ ಎದುರಿಗಿದ್ದೂ ನೀರಿಗೆ ಪರದಾಟ. ಈಗ ತಮ್ಮ ಮತ್ತೆ ಗಡಗಡೆ ಹಾಕಿಸಿದ್ದಾನೆ, ಹೊಸ ಹಗ್ಗವೂ ಇದೆ. ನೆರೆ ನೀರು ಬಾವಿಗೆ ಇಳಿದಿದ್ದರೆ ಬ್ಲೀಚಿಂಗ್ ಪೌಡರ್ ಹಾಕಿಸಲು ಪಂಚಾಯ್ತಿಗೆ, ಊರಿನ ಆಶಾ ಕಾರ್ಯಕರ್ತೆಗೆ ಹೇಳಿ. ಅಲ್ಲಿಯವರೆಗೆ ಚೆನ್ನಾಗಿ ಕುದಿಸಿದ್ದು ಬಿಟ್ಟು ಬೇರೆ ಕುಡಿಯಬೇಡಿ. ಭೇದಿ ಶುರುವಾದರೆ 1 ಲೀಟರ್ ನೀರಿಗೆ 6 ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಮಟ್ಟ ಟೀ ಚಮಚ ಉಪ್ಪು. ಉಪ್ಪು ಜಾಸ್ತಿಯಾಗಬಾರದು, ಮಕ್ಕಳಿಗೆ ಅಪಾಯ.

ಬ್ಯಾಟರಿ, ಶೆಲ್, ರೇಡಿಯೊ, ಸ್ವಲ್ಪ ಚಿಲ್ಲರೆ ನೋಟು ಇರಲಿ. ನೆಟ್‌ವರ್ಕ್ ಇಲ್ಲದಾಗ ಫೋನ್‌ಪೇ ನಡೆಯುವುದಿಲ್ಲ. ಜನರೇಟರ್ ಇದ್ದವರು ಅದನ್ನು ಜಗಲಿಯಲ್ಲಾಗಲಿ ಒಳಗಾಗಲಿ ಹಚ್ಚಬೇಡಿ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆಯೂ ಬೇಡ. ಇವೆರಡರಿಂದ ಬರುವ ವಿಷಗಾಳಿಗೆ ವಾಸನೆ ಇರುವುದಿಲ್ಲ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. 112, 108, ಜಿಲ್ಲಾ ಕಂಟ್ರೋಲ್ ರೂಮಿನ 1077 ಇವನ್ನು ದೊಡ್ಡ ಅಕ್ಷರದಲ್ಲಿ ಕ್ಯಾಲೆಂಡರ್ ಪಕ್ಕ ಅಂಟಿಸಿ.

ಅದೇ ಹಾಳೆಯಲ್ಲಿ ಪಕ್ಕದ ಎರಡು ಮನೆಯವರ ನಂಬರೂ ಇರಲಿ. ಘಟ್ಟದ ಮೇಲೆ ತೋಟದ ನಡುವೆ ಒಂದೊಂದೇ ಮನೆ. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲಿ ಇಬ್ಬರೇ ವಯಸ್ಸಾದವರು. ಆ ಮಕ್ಕಳಿಗೆ ನನ್ನದೊಂದು ಕೇಳಿಕೆ. ಅಪ್ಪ ಅಮ್ಮನಿಗೆ ಮಳೆಯ ವೀಡಿಯೊ ಕಳಿಸಬೇಡಿ. ಪಕ್ಕದ ಮನೆಯ ಹುಡುಗನಿಗೆ ಫೋನ್ ಮಾಡಿ, ನಡೆಯಲಾಗದ ಅಮ್ಮನನ್ನು ರಸ್ತೆಯವರೆಗೆ ಎತ್ತಿಕೊಂಡು ಬರಲು ಯಾರ್‍ಯಾರು ಸಿಗುತ್ತಾರೆ ಎಂದು ಈಗಲೇ ಕೇಳಿ. ಮೇ ತಿಂಗಳಲ್ಲಿ ಊರಿಗೆ ಬಂದಾಗ ಗುಳಿಗೆ ಡಬ್ಬ ತೆರೆದು, ಅಮ್ಮನ ಎದುರಿಗೇ ಎಣಿಸಿ.